ನಮ್ಮ ಹೆದ್ದಾರಿಯ ಬದಿಯಲ್ಲಿ ಹುಟ್ಟಿದ ಗುಳಿಗೆ

ಲಾರೆನ್ಸ್‌ವಿಲ್ಲಿನಲ್ಲಿರುವ ನಮ್ಮಲ್ಲಿ ಲಾರೆನ್ಸ್‌ವಿಲ್ ಹೈವೇ ಎಂಬ ರಸ್ತೆ ಗೊತ್ತಿಲ್ಲದವರು ಯಾರೂ ಇರಲಾರರು. ಯು.ಎಸ್. ೨೯ ಎಂದು ನಕ್ಷೆಯಲ್ಲಿ ಇರುವುದು ಅದೇ. ಲಿಲ್‌ಬರ್ನ್ ದಾಟಿ, ಟಕ್ಕರ್ ದಾಟಿ, ಡಿಕೇಟರ್ ಕಡೆಗೆ ಇಳಿಯುವ ಈ ರಸ್ತೆಯಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಕರಿಬೇವಿಗಾಗಿ ನಾವು ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಆದರೆ ಈ ರಸ್ತೆಗೆ ಹತ್ತಿರದ ಎರಡು ಮೂರು ಕಟ್ಟಡಗಳಲ್ಲಿ ನಡೆದ ಕೆಲಸದಿಂದ ಲೋಕದ ಲಕ್ಷಾಂತರ ಜನರ ಜೀವ ಉಳಿದಿದೆ, ಅವರಲ್ಲಿ ನಮ್ಮ ಕನ್ನಡನಾಡಿನವರೂ ಇದ್ದಾರೆ ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಈ ಕಥೆಯನ್ನೇ ಬರೆಯೋಣ ಎನ್ನಿಸಿತು. ನಾನು ವಿಜ್ಞಾನಿಯಲ್ಲ. ಈ ದೇಶಕ್ಕೆ ಬಂದ ಮೇಲೆ ಬಹುಕಾಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸಿ ಕೊಟ್ಟವನು. ಹಾಗಾಗಿ ಇದು ಪಂಡಿತರ ಪ್ರಬಂಧವಲ್ಲ. ನಮ್ಮ ಅಂಗಡಿಯ ಕಪಾಟಿಗೆ ಒಂದು ಡಬ್ಬಿ ಹೇಗೆ ಬಂತು ಎಂಬುದರ ಇತಿಹಾಸ ಅಷ್ಟೆ.

ಹತ್ತು ಡಾಲರಿನ ಜಮೀನು

ಕಥೆ ಆರಂಭವಾಗುವುದು ಸೊಳ್ಳೆಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಲೇರಿಯಾ ಕಾಟ ಜೋರಾಗಿತ್ತು. ಸೈನಿಕರ ಶಿಬಿರಗಳ ಸುತ್ತ ಸೊಳ್ಳೆ ನಿಯಂತ್ರಿಸಲು ಸರ್ಕಾರ ಅಟ್ಲಾಂಟದಲ್ಲಿ ಒಂದು ಕಚೇರಿ ತೆರೆದಿತ್ತು. ಯುದ್ಧ ಮುಗಿದ ಮೇಲೆ, ೧೯೪೬ರ ಜುಲೈ ೧ರಂದು, ಅದೇ ಕಚೇರಿ ಸಾಂಕ್ರಾಮಿಕ ರೋಗಗಳ ಕೇಂದ್ರವಾಯಿತು. ನಾವು ಸಿ.ಡಿ.ಸಿ. ಎಂದು ಕರೆಯುವ ಸಂಸ್ಥೆ ಇದೇ. ಮರುವರ್ಷ ಎಮರಿ ವಿಶ್ವವಿದ್ಯಾಲಯವು ಕ್ಲಿಫ್ಟನ್ ರಸ್ತೆಯ ೧೫ ಎಕರೆ ಜಮೀನನ್ನು ಈ ಕೇಂದ್ರಕ್ಕೆ ಹತ್ತು ಡಾಲರಿಗೆ ಕೊಟ್ಟಿತು. ಆ ಹತ್ತು ಡಾಲರನ್ನೂ ಅಲ್ಲಿಯ ನೌಕರರೇ ಚಂದಾ ಎತ್ತಿ ಕೊಟ್ಟರಂತೆ! ನಮ್ಮ ಕೂಟದ ಯುಗಾದಿ ಊಟದ ಚಂದಾ ವಸೂಲಿ ಮಾಡುವವರು ಈ ಸಂಗತಿ ಕೇಳಿ ಸಮಾಧಾನ ಪಟ್ಟುಕೊಳ್ಳಬಹುದು.

ಇದನ್ನು ಹೇಳಲು ಕಾರಣವಿದೆ. ರೋಗವನ್ನು ಗುರುತಿಸುವವರು ಮತ್ತು ರೋಗಕ್ಕೆ ಮದ್ದು ಹುಡುಕುವವರು ಒಂದೇ ಬೀದಿಯ ಅಕ್ಕಪಕ್ಕದ ಮನೆಯವರಾದರು. ಮುಂದಿನ ಕಥೆಗೆ ಇದು ಮುಖ್ಯ.

೧೯೮೧ರ ವಸಂತದಲ್ಲಿ ಸಿ.ಡಿ.ಸಿ.ಯಲ್ಲಿ ಸಾಂಡ್ರಾ ಫೋರ್ಡ್ ಎಂಬ ಮಹಿಳೆ ಅಪರೂಪದ ಔಷಧಿಗಳನ್ನು ವೈದ್ಯರಿಗೆ ಕಳಿಸುವ ಕೆಲಸದಲ್ಲಿದ್ದರು. ಪೆಂಟಮಿಡಿನ್ ಎಂಬ ಔಷಧಿಯನ್ನು ವಿರಳವಾದ ಒಂದು ಬಗೆಯ ನ್ಯುಮೋನಿಯಾಕ್ಕೆ ಕೊಡುತ್ತಿದ್ದರು. ಅದನ್ನು ಕೇಳಿ ಬರುವ ಪತ್ರಗಳು ಇದ್ದಕ್ಕಿದ್ದಂತೆ ಹೆಚ್ಚಾದವು. ರೋಗಿಗಳೆಲ್ಲ ಯುವಕರು, ಕಾರಣ ಮಾತ್ರ ಯಾರಿಗೂ ತಿಳಿಯದು. ಆಕೆ ಅದನ್ನು ಗಮನಿಸಿ ಮೇಲಿನವರಿಗೆ ತಿಳಿಸಿದರು. ೧೯೮೧ರ ಜೂನ್ ೫ರಂದು ಸಿ.ಡಿ.ಸಿ.ಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸ್ಸಿನ ಐದು ಮಂದಿ ಯುವಕರ ವಿಷಯ ಪ್ರಕಟವಾಯಿತು. ಏಡ್ಸ್ ಎಂದು ಮುಂದೆ ಹೆಸರಾದ ರೋಗದ ಮೊದಲ ದಾಖಲೆ ಅದು. ಕೌಂಟರಿನ ಹಿಂದಿನ ಕೆಲಸ ಮಾಡಿದವನಾದ್ದರಿಂದ ನನಗೆ ಈ ಸಂಗತಿ ಬಹಳ ಪ್ರಿಯ. ಚೀಟಿಗಳನ್ನು ನೋಡುವವರು ಕಣ್ಣು ತೆರೆದು ನೋಡಿದರೆ ಎಷ್ಟು ದೊಡ್ಡ ಉಪಕಾರ!

೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂತಾನ್ಯೆ ಅವರ ತಂಡ ಈ ರೋಗದ ವೈರಸ್ಸನ್ನು ಪತ್ತೆ ಮಾಡಿತು. ೧೯೮೬ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಭಾರತದಲ್ಲೂ ಈ ಸೋಂಕು ಇದೆಯೆಂದು ತೋರಿಸಿತು. ನಮ್ಮ ದೇಶಕ್ಕೆ ಇಂಥ ರೋಗ ಬರುವುದಿಲ್ಲ ಎಂದುಕೊಂಡಿದ್ದವರು ಬಹಳ ಮಂದಿ ಇದ್ದರು.

ಕೊಂಡಿ ಇಲ್ಲದ ರೈಲು ಡಬ್ಬಿ

ಈಗ ಸ್ವಲ್ಪ ವಿಜ್ಞಾನ. ಮಕ್ಕಳಿಗೆ ಓದಿ ಹೇಳುವವರು ಇಲ್ಲಿ ನಿಧಾನವಾಗಿ ಓದಬೇಕು.

ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಡಿ.ಎನ್.ಎ. ಎಂಬ ಉದ್ದನೆಯ ಸರಪಳಿಯಲ್ಲಿ ಬದುಕಿನ ಬರವಣಿಗೆ ಇದೆ. ಅದರಿಂದ ಆರ್.ಎನ್.ಎ. ಎಂಬ ನಕಲು ಪ್ರತಿ ತಯಾರಾಗುತ್ತದೆ. ಬರವಣಿಗೆ ಈ ದಿಕ್ಕಿನಲ್ಲಿ ಮಾತ್ರ ನಡೆಯುತ್ತದೆ ಎಂದೇ ಬಹುತೇಕ ವಿಜ್ಞಾನಿಗಳು ನಂಬಿದ್ದರು. ೧೯೭೦ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕೆಲಸ ಮಾಡಿ, ಕೆಲವು ವೈರಸ್ಸುಗಳು ಇದನ್ನು ತಿರುವುಮುರುವು ಮಾಡುತ್ತವೆ, ಆರ್.ಎನ್.ಎ.ಯಿಂದ ಡಿ.ಎನ್.ಎ. ಬರೆಯುತ್ತವೆ ಎಂದು ತೋರಿಸಿದರು. ಹಾಗೆ ಬರೆಯುವ ಕಿಣ್ವಕ್ಕೆ ರಿವರ್ಸ್ ಟ್ರಾನ್‌ಸ್ಕ್ರಿಪ್ಟೇಸ್ ಎಂದು ಹೆಸರು. ಈ ಕೆಲಸಕ್ಕಾಗಿ ೧೯೭೫ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಏಡ್ಸ್ ವೈರಸ್ ಕೂಡ ಇದೇ ಜಾತಿಯದು. ಅದು ಈ ಕಿಣ್ವದಿಂದ ತನ್ನ ಬರವಣಿಗೆಯನ್ನು ಡಿ.ಎನ್.ಎ. ಮಾಡಿ, ನಮ್ಮ ಜೀವಕೋಶದ ಪುಸ್ತಕದೊಳಗೇ ಹೊಲಿದುಬಿಡುತ್ತದೆ.

ಹಾಗಾದರೆ ಅದನ್ನು ತಡೆಯುವುದು ಹೇಗೆ? ಡಿ.ಎನ್.ಎ. ಸರಪಳಿಯನ್ನು ಒಂದು ರೈಲುಗಾಡಿ ಎಂದುಕೊಳ್ಳಿ. ಡಬ್ಬಿಗೆ ಡಬ್ಬಿ ಕೊಂಡಿ ಹಾಕುತ್ತ ಕಿಣ್ವ ಗಾಡಿಯನ್ನು ಉದ್ದ ಮಾಡುತ್ತದೆ. ನೋಡಲು ಥೇಟು ಅದೇ ಡಬ್ಬಿ, ಆದರೆ ಹಿಂದೆ ಕೊಂಡಿ ಇಲ್ಲ ಎನ್ನುವಂಥ ಒಂದನ್ನು ನಾವು ಯಾರ್ಡಿನಲ್ಲಿ ನಿಲ್ಲಿಸಿದರೆ? ಕಿಣ್ವ ಅದನ್ನೂ ಜೋಡಿಸುತ್ತದೆ, ಮುಂದಿನ ಡಬ್ಬಿ ಜೋಡಿಸಲು ಹೋದರೆ ಕೊಂಡಿಯೇ ಇಲ್ಲ. ಗಾಡಿ ಅಲ್ಲಿಗೇ ನಿಂತಿತು. ಇಂಥ ಹುಸಿ ಡಬ್ಬಿಗಳನ್ನು ನ್ಯೂಕ್ಲಿಯೊಸೈಡ್ ಅನುರೂಪಗಳು ಎನ್ನುತ್ತಾರೆ. ಆಣ್ವಿಕ ಜೀವಶಾಸ್ತ್ರವು ಬಾಗಿಲು ಎಲ್ಲಿದೆ ಎಂದು ತೋರಿಸಿತು. ಔಷಧಶಾಸ್ತ್ರವು ಆ ಬಾಗಿಲಿಗೆ ಬೀಗ ಮಾಡಲು ಹೊರಟಿತು.

ಮೊದಲ ಬೀಗ ಸಿಕ್ಕಿದ್ದು ಹಳೆಯ ಸಾಮಾನಿನಲ್ಲಿ. ಡೆಟ್ರಾಯಿಟ್ಟಿನ ಜೆರೋಮ್ ಹಾರ್ವಿಟ್ಜ್ ೧೯೬೪ರಲ್ಲಿ ಕ್ಯಾನ್ಸರಿಗೆಂದು ಎ.ಝಡ್.ಟಿ. ಎಂಬ ವಸ್ತುವನ್ನು ತಯಾರಿಸಿ, ಕೆಲಸಕ್ಕೆ ಬಾರದೆಂದು ಮೂಲೆಗಿಟ್ಟಿದ್ದರು. ಇಪ್ಪತ್ತು ವರ್ಷದ ನಂತರ ಉತ್ತರ ಕೆರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿದ್ದ ಬರೋಸ್ ವೆಲ್ಕಮ್ ಕಂಪನಿಯವರು ಅದನ್ನು ಹೊರತೆಗೆದು, ವಾಷಿಂಗ್ಟನ್ನಿನ ಪಕ್ಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಕಳಿಸಿದರು. ಅಲ್ಲಿ ಸ್ಯಾಮುಯೆಲ್ ಬ್ರೋಡರ್ ಮತ್ತು ಜಪಾನಿನಿಂದ ಬಂದಿದ್ದ ಹಿರೋಆಕಿ ಮಿತ್ಸುಯಾ ೧೯೮೫ರಲ್ಲಿ ಅದು ವೈರಸ್ಸನ್ನು ತಡೆಯುತ್ತದೆಂದು ಕಂಡರು. ೧೯೮೭ರ ಮಾರ್ಚ್ ೧೯ರಂದು ಸರ್ಕಾರದ ಒಪ್ಪಿಗೆ ದೊರೆಯಿತು. ಬೆಲೆ? ವರ್ಷಕ್ಕೆ ಎಂಟರಿಂದ ಹತ್ತು ಸಾವಿರ ಡಾಲರು. ಪರಿಣಾಮ? ಕೆಲವು ತಿಂಗಳ ಆಸರೆ. ಅಷ್ಟರಲ್ಲಿ ವೈರಸ್ ತನ್ನ ರೂಪ ಸ್ವಲ್ಪ ಬದಲಿಸಿಕೊಂಡು ಔಷಧಿಗೆ ಜಗ್ಗದಂತಾಗುತ್ತಿತ್ತು. ರೋಗಿಗೆ ರಕ್ತಹೀನತೆ ಬರುತ್ತಿತ್ತು. ಇನ್ನೂ ಒಳ್ಳೆಯ ಬೀಗ ಬೇಕಾಗಿತ್ತು.

ಎಮರಿಯ ಮೂವರು

ಇಲ್ಲಿ ನಮ್ಮ ಊರಿನವರು ಬರುತ್ತಾರೆ.

ರೇಮಂಡ್ ಶಿನಾಝಿ ೧೯೫೦ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದ ಯಹೂದಿ. ಹುಡುಗನಾಗಿದ್ದಾಗಲೇ ಕುಟುಂಬ ಮನೆಮಾರು ಬಿಟ್ಟು ಇಟಲಿಗೆ ಹೋಗಬೇಕಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಬಾತ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದರು. ಬಳಿಕ ಯೇಲ್ ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗದಲ್ಲಿ ವಿಲಿಯಂ ಪ್ರುಸಾಫ್ ಅವರ ಬಳಿ ಪಳಗಿದರು. ವೈರಸ್ಸಿನ ವಿರುದ್ಧ ನ್ಯೂಕ್ಲಿಯೊಸೈಡ್ ಬಳಸುವ ವಿದ್ಯೆಗೆ ಪ್ರುಸಾಫ್ ಪಿತಾಮಹ ಇದ್ದಂತೆ. ೧೯೭೮ರಲ್ಲಿ ಶಿನಾಝಿ ಎಮರಿಗೆ ಬಂದರು. ಅವರ ಪ್ರಯೋಗಶಾಲೆ ಇದ್ದದ್ದು ಡಿಕೇಟರಿನ ಕ್ಲೇರ್‌ಮಾಂಟ್ ರಸ್ತೆಯ ವೆಟರನ್ಸ್ ಆಸ್ಪತ್ರೆಯಲ್ಲಿ. ಬೇಳೆ ತರಲು ಹೋಗುವ ನಮ್ಮ ದಾರಿಯಿಂದ ಅದು ಹೆಚ್ಚು ದೂರವಿಲ್ಲ.

ಡೆನಿಸ್ ಲಿಯೋಟ ಬ್ರೂಕ್ಲಿನ್ನಿನಲ್ಲಿ ಹುಟ್ಟಿದವರು, ೧೯೭೬ರಿಂದ ಎಮರಿಯ ರಸಾಯನಶಾಸ್ತ್ರ ವಿಭಾಗದಲ್ಲಿದ್ದವರು. ಅಣುಗಳನ್ನು ಕಟ್ಟುವುದರಲ್ಲಿ ನಿಪುಣರು. ಮೂರನೆಯವರು ವೂ-ಬೇಗ್ ಚೋಯ್, ಕೊರಿಯಾದಿಂದ ಬಂದು ಲಿಯೋಟರ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ತರುಣ. ಒಬ್ಬರು ವೈರಸ್ ಬಲ್ಲವರು, ಒಬ್ಬರು ಅಣು ಬಲ್ಲವರು, ಒಬ್ಬರು ರಾತ್ರಿ ಹಗಲು ಪಾತ್ರೆ ತೊಳೆದು ಪ್ರಯೋಗ ಮಾಡುವವರು. ಈ ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ.

೧೯೮೯ರ ಜೂನ್ ತಿಂಗಳಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಏಡ್ಸ್ ಸಮ್ಮೇಳನ ನಡೆಯಿತು. ಅಲ್ಲಿ ಬರ್ನಾರ್ಡ್ ಬೆಲ್ಲೊ ಎಂಬ ವಿಜ್ಞಾನಿ ಹೊಸ ಬಗೆಯ ಹುಸಿ ಡಬ್ಬಿಯೊಂದನ್ನು ಮಂಡಿಸಿದರು. ಸಕ್ಕರೆಯ ಉಂಗುರದಲ್ಲಿ ಇಂಗಾಲ ಇರಬೇಕಾದ ಒಂದು ಜಾಗದಲ್ಲಿ ಗಂಧಕ ಇತ್ತು. ಶಿನಾಝಿ, ಲಿಯೋಟ ಇಬ್ಬರಿಗೂ ಇದು ತಲೆಗೆ ಹತ್ತಿತು. ಬೆಲ್ಲೊ ಪಾಪ, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ತಮ್ಮ ಅಣು ಔಷಧಿಯಾದದ್ದನ್ನು ಅವರು ನೋಡಲಿಲ್ಲ.

ತೊಡಕು ಏನಿತ್ತೆಂದರೆ, ಇಂಥ ಅಣುವನ್ನು ಕಟ್ಟುವಾಗ ಬೇಕಾದ ರೂಪದ ಜೊತೆಗೆ ಬೇಡದ ರೂಪಗಳೂ ಬೆರೆತು ಬರುತ್ತಿದ್ದವು. ಎಮರಿಯವರು ತವರದ ಕ್ಲೋರೈಡನ್ನು ಬಳಸಿ ಅಣುವನ್ನು ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲಿಸುವ ಉಪಾಯ ಕಂಡುಕೊಂಡರು. ಬೇಡದ ರೂಪ ಹೆಚ್ಚುಕಡಿಮೆ ಬರುವುದೇ ನಿಂತಿತು. ಚೋಯ್ ಅವರ ಹೆಸರು ಮೊದಲು ಇರುವ ಆ ಪ್ರಬಂಧ ೧೯೯೧ರಲ್ಲಿ ಪ್ರಕಟವಾಯಿತು. ಅದೇ ದಾರಿಯಲ್ಲಿ ಅವರು ಇನ್ನೊಂದು ಹೆಜ್ಜೆ ಹೋಗಿ, ಅಣುವಿಗೆ ಒಂದು ಫ್ಲೋರಿನ್ ಪರಮಾಣು ಸೇರಿಸಿದರು. ಹಾಗೆ ಹುಟ್ಟಿದ್ದು ಎಫ್.ಟಿ.ಸಿ., ಅಂದರೆ ಎಮ್‌ಟ್ರಿಸಿಟಾಬಿನ್.

ಇನ್ನೂ ಒಂದು ಸ್ವಾರಸ್ಯವಿದೆ. ಈ ಅಣುವಿಗೆ ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಎಂಬಂತೆ ಕನ್ನಡಿಯ ಪ್ರತಿಬಿಂಬದ ಎರಡು ರೂಪಗಳು. ನಮ್ಮ ಮೈಯ ನ್ಯೂಕ್ಲಿಯೊಸೈಡುಗಳೆಲ್ಲ ಒಂದೇ ಕಾಲಿನವು, ಬಲಗಾಲಿನವು ಎಂದು ಇಟ್ಟುಕೊಳ್ಳಿ. ಆದ್ದರಿಂದ ಔಷಧಿಯೂ ಬಲಗಾಲಿನದೇ ಆಗಬೇಕು ಎಂದು ಎಲ್ಲರ ಎಣಿಕೆ. ಪರೀಕ್ಷಿಸಿ ನೋಡಿದರೆ ಎಡಗಾಲಿನದೇ ವೈರಸ್ಸಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಮನುಷ್ಯನ ಜೀವಕೋಶಕ್ಕೆ ಕಡಿಮೆ ತೊಂದರೆ ಕೊಡುತ್ತದೆ! ನಮ್ಮ ಕಿಣ್ವಗಳು ಅದನ್ನು ತಮ್ಮದೆಂದು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಗಡಿಬಿಡಿಯ ವೈರಸ್ ಮಾತ್ರ ನೋಡದೆ ಕಾಲಿಗೆ ಹಾಕಿಕೊಳ್ಳುತ್ತದೆ.

ಐ-೮೫ರ ಮೇಲೆ ಓಡಾಡಿದ ಔಷಧಿ

ಅಣು ಸಿಕ್ಕಿತು ಎಂದರೆ ಔಷಧಿ ಸಿಕ್ಕಿತು ಎಂದಲ್ಲ. ನಮ್ಮ ಅಡುಗೆಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿದ ಬಿಸಿಬೇಳೆಬಾತನ್ನು ದೀಪಾವಳಿಗೆ ನಾನೂರು ಜನಕ್ಕೆ ಮಾಡಿದವರಿಗೆ ಇದು ಗೊತ್ತು. ಎಮರಿಯವರು ಬರೋಸ್ ವೆಲ್ಕಮ್ ಜೊತೆ ಸೇರಿದರು. ಎ.ಝಡ್.ಟಿ. ತಂದ ಕಂಪನಿಯೇ ಅದು. ನಮ್ಮ ಐ-೮೫ ಹಿಡಿದು ಈಶಾನ್ಯಕ್ಕೆ ಹೊರಟರೆ ಕೆರೊಲೈನಾಗಳನ್ನು ಹಾದು ಡರ್‌ಹಮ್ ಸಿಗುತ್ತದಲ್ಲ, ಅದರ ಪಕ್ಕದಲ್ಲೇ ಅವರ ಕೆಲಸದ ಜಾಗ.

ಆದರೆ ೧೯೯೫ರಲ್ಲಿ ಗ್ಲಾಕ್ಸೊ ಕಂಪನಿ ಬರೋಸ್ ವೆಲ್ಕಮನ್ನು ಕೊಂಡುಕೊಂಡಿತು. ಗ್ಲಾಕ್ಸೊ ಬಳಿ ಮಾಂಟ್ರಿಯಲ್ಲಿನ ಬೆಲ್ಲೊ ಅವರ ಅಣು ಆಗಲೇ ಇತ್ತು. ಅದೇ ಲಾಮಿವುಡಿನ್, ೧೯೯೫ರ ನವೆಂಬರಿನಲ್ಲಿ ಅಂಗಡಿಗೆ ಬಂದದ್ದು. ಮನೆಯಲ್ಲಿ ಅಣ್ಣ ಇರುವಾಗ ತಮ್ಮನೇಕೆ ಎಂದು ಎಮರಿಯ ಅಣುವನ್ನು ಹಿಂದಕ್ಕೆ ಕೊಟ್ಟರು. ಅಣ್ಣತಮ್ಮಂದಿರ ಪೇಟೆಂಟ್ ವ್ಯಾಜ್ಯ ವರ್ಷಗಟ್ಟಲೆ ನಡೆದು ಕೊನೆಗೆ ರಾಜಿಯಲ್ಲಿ ಮುಗಿಯಿತು.

ಅಷ್ಟರಲ್ಲಿ ಬರೋಸ್ ವೆಲ್ಕಮ್ಮಿನಲ್ಲಿ ಎ.ಝಡ್.ಟಿ. ಕೆಲಸದ ಮುಂದಾಳಾಗಿದ್ದ ಡೇವಿಡ್ ಬ್ಯಾರಿ, ಅಲ್ಲಿಯೇ ಇದ್ದ ಜಾರ್ಜ್ ಪೇಂಟರ್ ಮುಂತಾದವರು ಸೇರಿ ಡರ್‌ಹಮ್ಮಿನಲ್ಲಿ ಟ್ರಯಾಂಗಲ್ ಫಾರ್ಮಸ್ಯೂಟಿಕಲ್ಸ್ ಎಂಬ ಸಣ್ಣ ಕಂಪನಿ ತೆರೆದಿದ್ದರು. ೧೯೯೬ರಲ್ಲಿ ಎಮರಿ ತನ್ನ ಅಣುವನ್ನು ಅವರಿಗೆ ಒಪ್ಪಿಸಿತು. ಬ್ಯಾರಿ ೨೦೦೨ರ ಜನವರಿಯಲ್ಲಿ ತೀರಿಕೊಂಡರು. ೨೦೦೩ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಗಿಲಿಯಡ್ ಕಂಪನಿ ಟ್ರಯಾಂಗಲ್ ಕಂಪನಿಯನ್ನು ಕೊಂಡಿತು. ೨೦೦೩ರ ಜುಲೈ ೨ರಂದು ಎಮ್‌ಟ್ರಿಸಿಟಾಬಿನ್ನಿಗೆ ಸರ್ಕಾರದ ಒಪ್ಪಿಗೆ ಬಂತು. ಮಾಂಟ್ರಿಯಲ್ ಸಮ್ಮೇಳನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ. ೨೦೦೪ರ ಆಗಸ್ಟಿನಲ್ಲಿ ಅದನ್ನು ಟೆನೊಫೊವಿರ್ ಎಂಬ ಔಷಧಿಯೊಡನೆ ಸೇರಿಸಿದ ಟ್ರುವಾಡ ಮಾತ್ರೆ ಬಂತು. ೨೦೦೬ರ ಜುಲೈಯಲ್ಲಿ ಮೂರು ಔಷಧಿ ಸೇರಿದ, ದಿನಕ್ಕೆ ಒಂದೇ ಸಲ ನುಂಗುವ ಅಟ್ರಿಪ್ಲಾ ಬಂತು.

ದಿನಕ್ಕೆ ಒಂದು ಮಾತ್ರೆ ಎಂಬುದರ ಬೆಲೆ ನಮ್ಮಂಥವರಿಗೆ ಗೊತ್ತು. ೧೯೯೬ರ ನಂತರ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮ ಬಂದು, ಮರುವರ್ಷವೇ ಅಮೆರಿಕದಲ್ಲಿ ಈ ರೋಗದ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಆಗ ಒಬ್ಬೊಬ್ಬ ರೋಗಿಗೂ ಬೊಗಸೆ ತುಂಬ ಮಾತ್ರೆ ಎಣಿಸಿ ಕೊಡುತ್ತಿದ್ದೆವು. ಒಂದು ಊಟಕ್ಕೆ ಮುಂಚೆ, ಒಂದು ಊಟದ ಜೊತೆ, ಒಂದು ನಡುರಾತ್ರಿ. ತಪ್ಪಿದರೆ ವೈರಸ್ ತಲೆ ಎತ್ತುತ್ತದೆ. ಅದು ಒಂದೇ ಮಾತ್ರೆಗೆ ಇಳಿದ ದಿನ ಮುದುಕರೊಬ್ಬರು ನನ್ನ ಕೌಂಟರಿನ ಮುಂದೆ ಡಬ್ಬಿ ಅಲ್ಲಾಡಿಸಿ, ಅದರ ಸದ್ದು ಕೇಳಿ ನಕ್ಕದ್ದು ಇನ್ನೂ ನೆನಪಿದೆ.

೨೦೦೫ರ ಜುಲೈಯಲ್ಲಿ ಎಮರಿ ತನ್ನ ಗೌರವಧನದ ಹಕ್ಕನ್ನು ಗಿಲಿಯಡ್ ಮತ್ತು ರಾಯಲ್ಟಿ ಫಾರ್ಮಾ ಕಂಪನಿಗಳಿಗೆ ೫೨ ಕೋಟಿ ೫೦ ಲಕ್ಷ ಡಾಲರಿಗೆ ಮಾರಿತು. ಅದರಲ್ಲಿ ಒಂದು ಪಾಲು ಆ ಮೂವರಿಗೆ ಹೋಯಿತು. ಹತ್ತು ಡಾಲರಿನ ಜಮೀನಿನ ಪಕ್ಕದ ಮನೆಯವರಿಗೆ ಐವತ್ತೆರಡೂವರೆ ಕೋಟಿ! ಅಮೆರಿಕದಲ್ಲಿ ಎಚ್.ಐ.ವಿ.ಗೆ ಚಿಕಿತ್ಸೆ ಪಡೆಯುವ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಶಿನಾಝಿ, ಲಿಯೋಟರ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದಾರೆ ಅಥವಾ ಹಿಂದೆ ತೆಗೆದುಕೊಂಡಿದ್ದಾರೆ ಎಂದು ಎಮರಿ ಹೆಮ್ಮೆಯಿಂದ ಹೇಳಿಕೊಂಡಿದೆ.

ಹೆದ್ದಾರಿಯ ಇನ್ನೊಂದು ತುದಿ

ಇಷ್ಟೇ ಬರೆದು ನಿಲ್ಲಿಸಿದ್ದರೆ ಇದು ಗೆದ್ದವರ ಕಥೆ ಆಗುತ್ತಿತ್ತು. ಆದರೆ ಇನ್ನೊಂದು ಹೆದ್ದಾರಿಯ ವಿಷಯ ಹೇಳದೆ ನಾನು ಮುಗಿಸಲಾರೆ.

ನಮ್ಮ ಊರು ಹಾವೇರಿಯ ಕಡೆ, ಪುಣೆ-ಬೆಂಗಳೂರು ರಸ್ತೆಯಿಂದ ಸ್ವಲ್ಪ ಒಳಗೆ. ೧೯೯೮ರಲ್ಲಿ ಊರಿಗೆ ಹೋದಾಗ ನಮ್ಮ ಪಕ್ಕದ ಮನೆಯ ಲಾರಿ ಡ್ರೈವರ್ ಅಣ್ಣ ಹಾಸಿಗೆ ಹಿಡಿದಿದ್ದ. ಚಿಕ್ಕಂದಿನಲ್ಲಿ ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ರಾಣೆಬೆನ್ನೂರಿನ ಸಂತೆಗೆ ಕರೆದುಕೊಂಡು ಹೋಗುತ್ತಿದ್ದ ಗಟ್ಟಿಮುಟ್ಟಾದ ಆಳು, ಆಗ ಎಲುಬಿನ ಗೂಡು. ಮನೆಯವರು ಟಿ.ಬಿ. ಎಂದರು. ಅವನನ್ನು ಕರೆದುಕೊಂಡು ಹೋಗಿದ್ದ ಆಸ್ಪತ್ರೆಯೊಂದರಲ್ಲಿ ಮುಟ್ಟಲೂ ಹಿಂದೆಮುಂದೆ ನೋಡಿದ್ದರಂತೆ. ಚೀಟಿ ನೋಡಿದ ಕೂಡಲೇ ನನಗೆ ತಿಳಿಯಿತು. ನಾನು ಅಟ್ಲಾಂಟದಲ್ಲಿ ದಿನವೂ ಕೈಯಿಂದ ಎಣಿಸಿ ಕೊಡುತ್ತಿದ್ದ ಮಾತ್ರೆಗಳು ಅವನಿಗೆ ಬೇಕಾಗಿದ್ದವು. ಆಗ ಅವುಗಳ ಬೆಲೆ ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರು. ಅವರ ಮನೆ, ಹೊಲ ಎಲ್ಲ ಮಾರಿದರೂ ಒಂದು ವರ್ಷದ್ದು ಆಗುತ್ತಿರಲಿಲ್ಲ. ನಾನು ಒಂದಿಷ್ಟು ದುಡ್ಡು ಅವನ ತಲೆದಿಂಬಿನ ಕೆಳಗೆ ಇಟ್ಟು ಬಂದೆ. ಮಳೆಗಾಲ ಮುಗಿಯುವುದರೊಳಗೆ ಹೋದ ಎಂದು ಪತ್ರ ಬಂತು. ಅವನ ಹೆಂಡತಿಗೂ ಸೋಂಕು ಇತ್ತು.

ಔಷಧಿ ಇತ್ತು, ಮನುಷ್ಯನೂ ಇದ್ದ. ನಡುವೆ ಇದ್ದದ್ದು ಬೆಲೆ. ಆ ದೂರವನ್ನು ಕಡಿಮೆ ಮಾಡಿದವರು ಬೇರೆಯೇ ಜನ. ಭಾರತದ ೧೯೭೦ರ ಪೇಟೆಂಟ್ ಕಾಯಿದೆ ಔಷಧಿಯ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಿಗೇ ಅಲ್ಲ. ಹಾಗಾಗಿ ನಮ್ಮ ರಸಾಯನಶಾಸ್ತ್ರಜ್ಞರು ಬೇರೆ ದಾರಿಯಿಂದ ಅದೇ ಅಣುವನ್ನು ಕಟ್ಟಬಹುದಾಗಿತ್ತು. ೨೦೦೧ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ ೩೫೦ ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದು ಮುಂದೆ ಬಂದರು. ಅದರಲ್ಲಿ ಒಂದು ಲಾಮಿವುಡಿನ್. ಇನ್ನೊಂದು, ಶಿನಾಝಿಯವರ ಗುರು ಪ್ರುಸಾಫ್ ಯೇಲ್‌ನಲ್ಲಿ ಬೆಳೆಸಿದ ಸ್ಟಾವುಡಿನ್. ಇಡೀ ಲೋಕದ ಬೆಲೆ ಇಳಿಯಲು ಅಲ್ಲಿಂದ ಆರಂಭ. ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಈ ಔಷಧಿಗಳನ್ನು ತಯಾರಿಸಿದ ಕಂಪನಿಗಳಲ್ಲಿ ಒಂದು.

೨೦೦೪ರ ಏಪ್ರಿಲ್ ೧ರಂದು ಭಾರತ ಸರ್ಕಾರ ಎಂಟು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳು ಬಹಳ ನೊಂದಿದ್ದವು. ನಿಧಾನವಾಗಿ ಕೇಂದ್ರಗಳು ಜಿಲ್ಲೆ ಜಿಲ್ಲೆಗೂ ಬಂದವು. ಈಗ ಅಲ್ಲಿ ಮೊದಲಿಗೆ ಕೊಡುವುದು ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ೨೦೧೭ರಲ್ಲಿ ಬಡ ದೇಶಗಳಿಗೆಂದು ಇದಕ್ಕೆ ಗೊತ್ತುಮಾಡಿದ ಬೆಲೆ ವರ್ಷಕ್ಕೆ ಸುಮಾರು ೭೫ ಡಾಲರು.

ಎಮರಿಯ ತಮ್ಮನೂ ಕನ್ನಡನಾಡಿಗೆ ಬಂದಿದ್ದಾನೆ. ಸೋಂಕು ಇಲ್ಲದವರು ಟ್ರುವಾಡ ನುಂಗಿದರೆ ಸೋಂಕು ತಗಲದಂತೆ ತಡೆಯಬಹುದು ಎಂದು ತಿಳಿದು, ಅಮೆರಿಕದಲ್ಲಿ ೨೦೧೨ರಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ ಇದನ್ನು ಮೊದಲು ಪ್ರಯೋಗಿಸಿ ನೋಡಿದ ಎರಡು ಜಾಗಗಳಲ್ಲಿ ಮೈಸೂರು ಒಂದು, ಕೋಲ್ಕತ್ತಾ ಇನ್ನೊಂದು. ಮೈಸೂರಿನಲ್ಲಿ ಅದನ್ನು ನಡೆಸಿದ್ದು ಲೈಂಗಿಕ ವೃತ್ತಿಯ ಮಹಿಳೆಯರೇ ಕಟ್ಟಿಕೊಂಡ ಆಶೋದಯ ಸಮಿತಿ. ಆರುನೂರಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿ ಸೇರಿದ್ದರು. ಆ ಅವಧಿಯಲ್ಲಿ ಒಬ್ಬರಿಗೂ ಹೊಸ ಸೋಂಕು ಬರಲಿಲ್ಲ. ಸಮಾಜ ಮುಖ ತಿರುಗಿಸಿಕೊಳ್ಳುವ ಹೆಂಗಸರು ವಿಜ್ಞಾನದ ಕೆಲಸಕ್ಕೆ ತಾವೇ ಕೈಜೋಡಿಸಿದರು. ಸಹಯೋಗ ಎಂದರೆ ಎರಡು ವಿಶ್ವವಿದ್ಯಾಲಯಗಳ ನಡುವಿನದು ಮಾತ್ರ ಎಂದು ನಾವು ತಿಳಿದಿರುತ್ತೇವೆ. ಈ ಮಹಿಳೆಯರನ್ನು ಆ ಪಟ್ಟಿಯಲ್ಲಿ ಏಕೆ ಸೇರಿಸಬಾರದು?

ಟಕ್ಕರಿನಿಂದ ಮುಂದಕ್ಕೆ

ಶಿನಾಝಿ, ಲಿಯೋಟ ಅಲ್ಲಿ ನಿಲ್ಲಲಿಲ್ಲ. ೧೯೯೮ರಲ್ಲಿ ಇಬ್ಬರೂ ಸೇರಿ ಫಾರ್ಮಾಸೆಟ್ ಎಂಬ ಕಂಪನಿ ಆರಂಭಿಸಿದರು. ನಮ್ಮ ಹೆದ್ದಾರಿಯ ಟಕ್ಕರಿನಲ್ಲೇ ಅದು ಮೊದಲ ವರ್ಷಗಳನ್ನು ಕಳೆಯಿತು, ನಂತರ ನ್ಯೂಜೆರ್ಸಿಗೆ ಹೋಯಿತು. ಅಲ್ಲಿ ಮೈಕೆಲ್ ಸೋಫಿಯಾ ಅವರ ತಂಡ ಹೆಪಟೈಟಿಸ್ ಸಿ ಕಾಯಿಲೆಗೆ ಕಂಡುಹಿಡಿದ ಸೊಫೊಸ್‌ಬುವಿರ್ ೨೦೧೩ರ ಡಿಸೆಂಬರಿನಲ್ಲಿ ಹೊರಬಂತು. ಎಚ್.ಐ.ವಿ. ಮಾತ್ರೆಯನ್ನು ಜೀವಮಾನವಿಡೀ ನುಂಗಬೇಕು. ಇದು ಸಾಮಾನ್ಯವಾಗಿ ಹನ್ನೆರಡು ವಾರದಲ್ಲಿ ರೋಗವನ್ನೇ ವಾಸಿ ಮಾಡುತ್ತದೆ. ಆದರೆ ಒಂದು ಮಾತ್ರೆಗೆ ಸಾವಿರ ಡಾಲರು, ಹನ್ನೆರಡು ವಾರಕ್ಕೆ ೮೪,೦೦೦! ಮತ್ತೆ ಅದೇ ಹಳೆಯ ಕಥೆ. ಈ ಸಲ ಸ್ವಲ್ಪ ಬೇಗ ದಾರಿ ಸಿಕ್ಕಿತು: ಗಿಲಿಯಡ್ ೨೦೧೪ರಲ್ಲಿ ಏಳು ಔಷಧ ಕಂಪನಿಗಳಿಗೆ ಭಾರತದಲ್ಲಿ ತಯಾರಿಸಲು ಪರವಾನಗಿ ಕೊಟ್ಟಿತು. ಅವುಗಳಲ್ಲಿ ಸ್ಟ್ರೈಡ್ಸ್ ಇತ್ತು. ಮುಂದಿನ ವರ್ಷ ಬೆಂಗಳೂರಿನ ಬಯೋಕಾನ್ ಕೂಡ ಸೇರಿತು.

ಟ್ರಯಾಂಗಲ್ಲಿನ ಜಾರ್ಜ್ ಪೇಂಟರ್ ಮುಂದೆ ಎಮರಿಗೇ ಬಂದರು. ಅವರ ತಂಡದಿಂದ ಬಂದ ಮೊಲ್ನುಪಿರಾವಿರ್ ಎಂಬ ಮಾತ್ರೆ ೨೦೨೧ರಲ್ಲಿ ಕೋವಿಡ್ಡಿಗೆ ಬಳಕೆಯಾಯಿತು. ಮೊದಲು ಅಂದುಕೊಂಡಷ್ಟು ಪರಿಣಾಮ ಅದಕ್ಕಿರಲಿಲ್ಲ ಎಂಬುದು ಕೊನೆಯ ಲೆಕ್ಕದಲ್ಲಿ ತಿಳಿಯಿತು. ಇರಲಿ, ಪ್ರತಿ ಬೀಗವೂ ಗಟ್ಟಿ ಬೀಗ ಆಗಬೇಕೆಂದಿಲ್ಲ.

ಶಿನಾಝಿಯವರ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಸಂಶೋಧನ ಪ್ರಬಂಧಗಳಿವೆ, ನೂರಾರು ಜನ ಜೊತೆಗಾರರಿದ್ದಾರೆ. ಈ ಎಣಿಕೆ ದೊಡ್ಡದೇ. ಆದರೆ ನಾನು ಈ ಕಥೆಯಿಂದ ಕಲಿತದ್ದು, ಔಷಧಿಗೆ ಒಬ್ಬ ತಂದೆ ಇರುವುದಿಲ್ಲ ಎಂಬುದನ್ನು. ಪತ್ರಗಳನ್ನು ಎಣಿಸಿದ ಸಾಂಡ್ರಾ ಫೋರ್ಡ್, ಮಾಂಟ್ರಿಯಲ್ಲಿನ ಬೆಲ್ಲೊ, ಅಲೆಕ್ಸಾಂಡ್ರಿಯಾದ ನಿರಾಶ್ರಿತ ಹುಡುಗ, ಕೊರಿಯಾದ ತರುಣ, ಡರ್‌ಹಮ್ಮಿನ ಬ್ಯಾರಿ, ಮುಂಬಯಿಯ ಹಮೀದ್, ಮೈಸೂರಿನ ಮಹಿಳೆಯರು, ಇವರಲ್ಲಿ ಒಬ್ಬೊಬ್ಬರೂ ಒಂದೊಂದು ಡಬ್ಬಿ ಜೋಡಿಸಿದರು. ಕೊಂಡಿ ಎಲ್ಲಿ ತಪ್ಪಿತೋ ಅಲ್ಲಿ ಜನ ಸತ್ತರು. ನಮ್ಮ ಲಾರಿ ಅಣ್ಣ ಸತ್ತದ್ದು ಅಂಥ ಕಡೆ.

ಅವನ ಹೆಂಡತಿ ಉಳಿದಿದ್ದಾಳೆ. ಉಚಿತ ಚಿಕಿತ್ಸೆ ಬಂದ ಮೇಲೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಮಾತ್ರೆ ತರುತ್ತಿದ್ದಳು. ಮೊದಮೊದಲು ಊರಿನವರಿಗೆ ತಿಳಿಯಬಾರದೆಂದು ಡಬ್ಬಿಯನ್ನು ಜೋಳದ ಚೀಲದಲ್ಲಿ ಅಡಗಿಸಿ ಇಡುತ್ತಿದ್ದಳಂತೆ. ಕಳೆದ ಸಲ ಊರಿಗೆ ಹೋದಾಗ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದಳು. ಡಬ್ಬಿ ಈಗ ದೇವರ ಗೂಡಿನ ಪಕ್ಕ ಎಲ್ಲರಿಗೂ ಕಾಣುವಂತೆ ಇದೆ. “ಈ ಗುಳಿಗಿ ಎಲ್ಲಿಂದ ಬರ್ತಾವೋ ನನಗ ಗೊತ್ತಿಲ್ಲೋ ತಮ್ಮಾ. ನುಂಗೀನಿ, ಬದುಕೀನಿ” ಎಂದಳು. ಅವಳು ನುಂಗುವುದು ಮಾಂಟ್ರಿಯಲ್ಲಿನ ಅಣ್ಣನನ್ನು, ನಮ್ಮ ಎಮರಿಯ ತಮ್ಮನನ್ನಲ್ಲ. ಆ ವ್ಯತ್ಯಾಸ ಅವಳಿಗೆ ಹೇಳಲು ಹೋಗಲಿಲ್ಲ. ಎಲ್ಲಿಂದ ಬರುತ್ತವೆ ಎಂಬುದನ್ನು ಮಾತ್ರ, ನನಗೆ ತಿಳಿದಷ್ಟು, ಅವಳ ಕಟ್ಟೆಯ ಮೇಲೆ ಕೂತು ಹೇಳಿದೆ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳಿದ್ದೇನೆ.

ಮುಂದಿನ ಸಲ ಡಿಕೇಟರಿಗೆ ಹೋಗುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ಇದ್ದರೆ, ಕ್ಲೇರ್‌ಮಾಂಟ್ ರಸ್ತೆಯ ಆ ಆಸ್ಪತ್ರೆಯನ್ನೊಮ್ಮೆ ತೋರಿಸಿ. ಕಥೆಯನ್ನೂ ಹೇಳಿ, ರೋಗದ ಹೆಸರನ್ನು ನುಂಗಿಕೊಳ್ಳದೆ ಹೇಳಿ. ನಮ್ಮ ಊರುಗಳಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಲಾಗದೆ ಹೋದವರು ಬಹಳ ಮಂದಿ.